ಹಿಗ್ಗುವ ವಿಶ್ವವೂ ನಮ್ಮ ವಿಜ್ಞಾನಪಾಠವೂ

ವಿಶ್ವವು ಹಿಗ್ಗುತ್ತಿದೆಯೆಂಬ ವಾಕ್ಯವನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಒಪ್ಪಿಸಬಲ್ಲನು. ಅದು ಹೇಗೆ ತಿಳಿಯಿತೆಂದು ಕೇಳಿದೊಡನೆ ತರಗತಿಯು ಮೌನ ತಾಳುತ್ತದೆ. ಸಾಕ್ಷ್ಯವನ್ನು ತೋರಿಸದೆ ತೀರ್ಮಾನವನ್ನಷ್ಟೇ ಬಾಯಿಪಾಠ ಮಾಡಿಸುವುದು ವಿಜ್ಞಾನಶಿಕ್ಷಣವೆನಿಸದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸಾಕ್ಷ್ಯವನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ನಿಲ್ಲದೆ ಧಾವಿಸುವ ರೈಲಿನ ಸಿಳ್ಳು, ನಮ್ಮನ್ನು ದಾಟಿ ದೂರ ಸರಿಯುವಾಗ ಒಮ್ಮೆಲೇ ತಗ್ಗಿದಂತೆ ಕೇಳುವುದು ಎಲ್ಲರ ಅನುಭವ. ದೂರ ಸರಿಯುವ ಆಕರದಿಂದ ಬರುವ ಅಲೆಗಳು ನೀಳವಾಗುವುದೇ ಇದಕ್ಕೆ ಕಾರಣ. ಬೆಳಕಿನಲ್ಲಿಯೂ ಇಂತಹ ವ್ಯತ್ಯಾಸವುಂಟು. ಗೆಲಕ್ಸಿಯ ಬೆಳಕನ್ನು ರೋಹಿತವಾಗಿ ಬಿಡಿಸಿದಾಗ ಜಲಜನಕ, ಕ್ಯಾಲ್ಸಿಯಂ ಮೊದಲಾದ ಧಾತುಗಳ ಗುರುತಿನ ಗೆರೆಗಳು ಕಾಣುತ್ತವೆ. ದೂರದ ಗೆಲಕ್ಸಿಗಳಲ್ಲಿ ಅವು ಕೆಂಪಿನ ಕಡೆಗೆ ಸರಿದಿರುತ್ತವೆ. 1912ರಿಂದ ಸ್ಲೈಫರ್ ಇಂತಹ ಪಲ್ಲಟಗಳನ್ನು ಅಳೆದರು. 1927ರಲ್ಲಿ ಲೆಮೈತ್ರ್ ಹಿಗ್ಗುವ ವಿಶ್ವದ ವಿವರಣೆಯನ್ನಿತ್ತರು. ದೂರ ಹೆಚ್ಚಿದಂತೆ ವೇಗವೂ ಹೆಚ್ಚುವುದೆಂದು 1929ರಲ್ಲಿ ಹಬಲ್ ತೋರಿಸಿದರು. ಈಗಿನ ಅಳತೆಯಂತೆ, ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ವೇಗವು ಸೆಕೆಂಡಿಗೆ ಸುಮಾರು 70 ಕಿ.ಮೀ. ಏರುತ್ತದೆ.

ರೈಲಿನ ಹೋಲಿಕೆಗೆ ಮಿತಿಯುಂಟು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಗೆಲಕ್ಸಿಗಳು ಒಂದು ನಿಲ್ದಾಣದಿಂದ ಹೊರಟವಲ್ಲ. ಅವುಗಳ ನಡುವಣ ಆಕಾಶವೇ ಹಿಗ್ಗುತ್ತಿದೆ. ಯಾವ ಗೆಲಕ್ಸಿಯಿಂದ ನೋಡಿದರೂ ದೂರದವು ಸರಿಯುತ್ತಿರುವಂತೆಯೇ ಕಾಣುವುವು. ಕೇಂದ್ರವೆಂಬುದು ಎಲ್ಲಿಯೂ ಇಲ್ಲ.

ಇಂತಹ ಶೋಧನೆಗಳು ಪರದೇಶಗಳಿಗೇ ಮೀಸಲೆಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಬಾರದು. ನಮ್ಮ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು 1965ರಲ್ಲಿ ದೊರೆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಈ ಕಾರ್ಯದಲ್ಲಿ ಕನ್ನಡಿಗರಾದ ಬಿ. ವಿ. ಶ್ರೀಕಂಠನ್ ಪ್ರಮುಖರು. 2001ರಲ್ಲಿ ಗಣಿಗಳು ಮುಚ್ಚಿದವು. ಚಿನ್ನದೊಡನೆ ಆ ಜ್ಞಾನದ ನೆನಪೂ ಮುಗಿಯುವುದು ಸಲ್ಲದು.

ಶಾಲೆಗೆ ಕಟ್ಟಡಗಳನ್ನಿತ್ತ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ದೊಡ್ಡದಲ್ಲ. ರೋಹಿತ ತೋರಿಸಲು ಕೆಲವು ಪ್ರಿಸಮ್ ಗಾಜುಗಳು, ಒಂದು ಚಿಕ್ಕ ದೂರದರ್ಶಕ, ವರ್ಷಕ್ಕೊಮ್ಮೆ ಕಾವಲೂರಿಗೆ ಪ್ರವಾಸ, ಇಷ್ಟಾದರೆ ಸಾಕು. ಜೋಲಾರಪೇಟೆಯ ಆಚೆ, ಜವ್ವಾದಿ ಬೆಟ್ಟಗಳಲ್ಲಿರುವ ಆ ವೀಕ್ಷಣಾಲಯದಲ್ಲಿ 1986ರಲ್ಲಿ ಸ್ಥಾಪಿತವಾದ 2.34 ಮೀಟರ್ ದೂರದರ್ಶಕವಿದೆ. ಶಿಕ್ಷಕ ಬಂಧುಗಳು ಪರೀಕ್ಷೆಯಲ್ಲಿ ‘ವಿಶ್ವವು ಹಿಗ್ಗುತ್ತಿದೆಯೆ?’ ಎಂದು ಕೇಳುವುದರ ಬದಲು ‘ಹೇಗೆ ಬಲ್ಲೆ?’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರಿಸಬಲ್ಲ ವಿದ್ಯಾರ್ಥಿಯೇ ಶಾಲೆಯ ನಿಜವಾದ ಸಂಪತ್ತು.