ಟರ್ಕಿ ಕೋಳಿ ಇಲ್ದಿದ್ರೆ ಹಬ್ಬ ನಿಂತೋಗ್ತದಾ?

ಡಿಸೆಂಬರ್ ಬಂತು ಅಂದರೆ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಕ್ರಿಸ್‌ಮಸ್ ಊಟಕ್ಕೆ ಟರ್ಕಿ ಕೋಳಿ ಬಿಟ್ಟರೆ ಬದಲಿಗೆ ಏನು ಮಾಡೋದು? ಹಕ್ಕಿ ದುಬಾರಿ. ನಾಲ್ಕೈದು ಕೆ.ಜಿ. ತೂಗುತ್ತದೆ. ಮನೆಯಲ್ಲಿ ಮೂರು ಜನ ಇದ್ದರೆ ಉಳಿದದ್ದನ್ನು ವಾರಗಟ್ಟಲೆ ತಿನ್ನಬೇಕು. 2022ರಲ್ಲಂತೂ ಹಕ್ಕಿಜ್ವರ ಬಂದು ಆ ದೇಶದಲ್ಲಿ ಬಯಲಿನಲ್ಲಿ ಸಾಕಿದ ಟರ್ಕಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹಬ್ಬಕ್ಕೆ ಮೊದಲೇ ಹೋದವು. ಟರ್ಕಿ ಸಿಗದಿದ್ದರೆ ಹಬ್ಬವೇ ಹೋಯಿತು ಅನ್ನುವ ಹಾಗೆ ಜನ ಗಾಬರಿಯಾದರು.

ಇದು ಬಿಳಿಯರ ಅಡುಗೆಮನೆ ರಗಳೆ, ನಮ್ಮ ಪತ್ರಿಕೆಗೆ ಯಾಕಪ್ಪಾ ಅಂತ ಬಂಧುಗಳು ಕೇಳಬಹುದು. ತಟ್ಟೆಯಲ್ಲಿ ಏನಿದೆ ಅಂತ ನೋಡಿ ಮನುಷ್ಯನಿಗೆ ಬೆಲೆ ಕಟ್ಟುವ ದೇಶದಲ್ಲಿ ಬದುಕುತ್ತಿರುವವರು ನಾವು. ಹಾಗಾಗಿ ಈ 'ಬದಲಿ' ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನಮಗೆ ಅನುಮಾನ ಬರಬೇಕು. ಬದಲಿ ಅನ್ನಬೇಕಾದರೆ ಮೊದಲು ಒಂದು ಅಸಲಿ ಇರಬೇಕು. ಟರ್ಕಿ ಅಸಲಿ, ಮಿಕ್ಕಿದ್ದೆಲ್ಲ ಬದಲಿ. ಸರಿ, ಈ ಅಸಲಿ ಪಟ್ಟ ಕಟ್ಟಿದವರು ಯಾರು?

ಟರ್ಕಿ ಇಂಗ್ಲೆಂಡಿನ ಹಕ್ಕಿಯೇ ಅಲ್ಲ. ಅದು ಅಮೆರಿಕ ಖಂಡದ್ದು. ಮೆಕ್ಸಿಕೋದ ಮೂಲ ನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಅದನ್ನು ಪಳಗಿಸಿ ಸಾಕಿದವರು. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಆ ಜನರನ್ನು ಕೊಂದು, ಅವರ ನೆಲ ಚಿನ್ನ ಎರಡನ್ನೂ ದೋಚಿ, ಜೊತೆಗೆ ಈ ಹಕ್ಕಿಯನ್ನೂ ಯೂರೋಪಿಗೆ ತಂದರು. ಸಾಕಿದವರ ಹೆಸರು ಮಾತ್ರ ಎಲ್ಲೂ ಉಳಿಯಲಿಲ್ಲ. ಇಂಗ್ಲಿಷಿನವರು ಅದನ್ನು ಟರ್ಕಿ ದೇಶದ್ದು ಅಂದರು. ಟರ್ಕಿ ದೇಶದವರು ಅದನ್ನು 'ಹಿಂದಿ' ಅಂತಾರೆ, ಅಂದರೆ ಇಂಡಿಯಾದ್ದು ಅಂತ. ಪೋರ್ಚುಗೀಸರು 'ಪೆರು' ಅಂದರು. ದುಡಿದವನ ಹೆಸರು ಅಳಿಸಿ ಬೇರೆಯವನ ಹೆಸರು ಬರೆಯುವುದು ನಮಗೆ ಹೊಸದಲ್ಲ.

ಇಂಗ್ಲೆಂಡಿಗೆ ಬಂದ ಮೇಲೆ ಅದು ಬಹುಕಾಲ ಉಳ್ಳವರ ಮೇಜಿನ ಹಕ್ಕಿ. ನಾರ್ಫೋಕ್, ಸಫೋಕ್ ಸೀಮೆಯಿಂದ ಲಂಡನ್ನಿಗೆ ಟರ್ಕಿಗಳನ್ನು ಕುರಿಮಂದೆಯ ಹಾಗೆ ನಡೆಸಿಕೊಂಡೇ ಹೋಗುತ್ತಿದ್ದರು. ಡೇನಿಯಲ್ ಡಿಫೋ ಅನ್ನುವ ಲೇಖಕ 1720ರ ದಶಕದಲ್ಲಿ ಈ ಮಂದೆಗಳ ಬಗ್ಗೆ ಬರೆದಿದ್ದಾನೆ. ಕೋಲು ಹಿಡಿದು ವಾರಗಟ್ಟಲೆ ಕೆಸರಿನಲ್ಲಿ ನಡೆದು ಬಂದ ಆಳಿನ ಪಾಲಿಗೆ ಆ ಹಬ್ಬದಲ್ಲಿ ಏನು ಬಂತು?

ಬಡವರ ಹಬ್ಬ ಬೇರೆಯೇ ಇತ್ತು. ಉತ್ತರ ಇಂಗ್ಲೆಂಡಿನಲ್ಲಿ ದನದ ಬಾಡು, ಲಂಡನ್ನಿನಲ್ಲಿ ಹೆಬ್ಬಾತು, ಅದೂ ಆಗದವರಿಗೆ ಮೊಲ. ಹೆಬ್ಬಾತು ಕೊಳ್ಳಲು ಕೂಲಿಕಾರರು ಚೀಟಿ ಹಾಕುತ್ತಿದ್ದರು. ವಾರಕ್ಕೆ ಕೆಲವು ಪೆನ್ನಿ ಕಟ್ಟಿಕೊಂಡು ಬಂದರೆ ಡಿಸೆಂಬರಿಗೆ ಒಂದು ಹಕ್ಕಿ. 'ಗೂಸ್ ಕ್ಲಬ್' ಅಂತಲೇ ಅದಕ್ಕೆ ಹೆಸರು. ಹಕ್ಕಿ ಬಂದರೂ ಸುಡಲು ಮನೆಯಲ್ಲಿ ಒಲೆ ಇಲ್ಲ. ಬೀದಿಯ ಬ್ರೆಡ್ ಅಂಗಡಿಯವನ ಭಟ್ಟಿಗೆ ಕೊಟ್ಟು, ಬೆಂದ ಮೇಲೆ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಓಡಿಬರಬೇಕು. ಅವರು ಯಾರೂ ಅದನ್ನು ಟರ್ಕಿಗೆ ಬದಲಿ ಅಂದುಕೊಂಡು ತಿನ್ನಲಿಲ್ಲ. ಅದೇ ಅವರ ಹಬ್ಬ.

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ 'ಎ ಕ್ರಿಸ್‌ಮಸ್ ಕೆರೋಲ್' ಕಥೆಯಲ್ಲಿ ಇದೆಲ್ಲ ಇದೆ. ವಾರಕ್ಕೆ ಹದಿನೈದು ಷಿಲಿಂಗಿನ ಗುಮಾಸ್ತ ಬಾಬ್ ಕ್ರಾಚಿಟ್. ಅವನ ಮನೆಯ ಹೆಬ್ಬಾತು ಚಿಕ್ಕದು, ಮಕ್ಕಳು ಜಾಸ್ತಿ, ಆದರೂ ಎಲ್ಲರೂ ಹೊಟ್ಟೆತುಂಬ ತಿಂದು ಖುಷಿಪಡುತ್ತಾರೆ. ಕೊನೆಗೆ ಜಿಪುಣ ಸಾಹುಕಾರ ಸ್ಕ್ರೂಜ್ ಮನಸ್ಸು ಬದಲಾಯಿಸಿಕೊಂಡು ಅಂಗಡಿಯಲ್ಲಿದ್ದ ದೊಡ್ಡ ಟರ್ಕಿಯನ್ನು ಅವರ ಮನೆಗೆ ಕಳಿಸುತ್ತಾನೆ. ಓದಿದವರೆಲ್ಲ ಆ ಟರ್ಕಿಯನ್ನೇ ನೆನಪಿಟ್ಟುಕೊಂಡರು. ಮಾರನೇ ದಿನ ಸ್ಕ್ರೂಜ್ ಮಾಡಿದ ಇನ್ನೊಂದು ಕೆಲಸ ಎಷ್ಟು ಜನಕ್ಕೆ ನೆನಪಿದೆ? ಗುಮಾಸ್ತನ ಸಂಬಳ ಏರಿಸಿದ. ಕೂಲಿ ಏರಿಸದೆ ಕೋಳಿ ಕಳಿಸಿದರೆ ಅದು ಭಿಕ್ಷೆ. ಕೂಲಿ ಏರಿಸಿದರೆ ಕೋಳಿಯೋ ಹೆಬ್ಬಾತೋ ಅವನೇ ಕೊಂಡುಕೊಳ್ತಾನೆ.

ಭಿಕ್ಷೆಯ ಊಟದ ರುಚಿ ಏನು ಅಂತ 1877ರಲ್ಲಿ ಜಾರ್ಜ್ ಸಿಮ್ಸ್ ಅನ್ನುವವನು ಒಂದು ಪದ್ಯ ಬರೆದ. ಬಡವರನ್ನು ಕೂಡಿಹಾಕುವ ಸರ್ಕಾರಿ ದುಡಿಮೆ ಮನೆ. ಗಂಡ ಹೆಂಡಿರನ್ನೂ ಬೇರೆ ಬೇರೆ ಇಡುವ ಜಾಗ. ಅಲ್ಲಿ ಕ್ರಿಸ್‌ಮಸ್ ದಿನ ಊರ ದೊಡ್ಡವರು ಬಂದು ನಿಂತು ಊಟ ಹಾಕಿಸುತ್ತಾರೆ. ಒಬ್ಬ ಮುದುಕ ತಟ್ಟೆ ಮುಟ್ಟದೆ ಎದ್ದು ನಿಲ್ಲುತ್ತಾನೆ. ಹೋದ ವರ್ಷ ಇದೇ ದಿನ ಹೆಂಡತಿಗೆ ಒಂದು ತುಂಡು ರೊಟ್ಟಿ ಕೇಳಿದಾಗ ನೀವು ಕೊಡಲಿಲ್ಲ, ಅವಳು ಹಸಿದು ಸತ್ತಳು ಅಂತ ಅವರ ಮುಖದ ಮೇಲೇ ಹೇಳುತ್ತಾನೆ. ಬರೆದವನು ಬಿಳಿಯ, ಮುದುಕನೂ ಬಿಳಿಯ. ಆದರೆ ಆ ಸಿಟ್ಟು ನಮ್ಮ ಕೇರಿಯ ಯಾವ ಅಜ್ಜನಿಗೂ ಅರ್ಥವಾಗುವಂಥದ್ದು.

ಇನ್ನು ಅಮೆರಿಕದ ಕರಿಯರ ಕ್ರಿಸ್‌ಮಸ್ ನೋಡೋಣ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಬದುಕಿನ ಕಥೆ ಬರೆದ. ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗೆ ಗುಲಾಮರಿಗೆ ರಜ. ಒಡೆಯರೇ ಹೆಂಡ ಕೊಟ್ಟು ಕುಡಿಸುತ್ತಿದ್ದರು, ಯಾರು ಜಾಸ್ತಿ ಕುಡೀತಾನೆ ಅಂತ ಪಂದ್ಯ ಕಟ್ಟುತ್ತಿದ್ದರು. ಇದು ದಯೆ ಅಲ್ಲ, ದಂಗೆಯ ಬಿಸಿ ಆರಿಸುವ ಉಪಾಯ ಅಂತ ಡಗ್ಲಸ್ ಬಿಡಿಸಿ ಹೇಳಿದ. ಒಡೆಯನ ಖರ್ಚಿನ ಹಬ್ಬ ಒಡೆಯನ ಲಾಭಕ್ಕೇ.

ಚಳಿಗಾಲ ಹಂದಿ ಕೊಯ್ಯುವ ಕಾಲ. ತೊಡೆಬಾಡು ಒಡೆಯನ ಮನೆಗೆ, ಬೋಟಿ, ಕಾಲು, ಕಿವಿ ಗುಲಾಮರ ಗುಡಿಸಲಿಗೆ. ಆ ಹೆಣ್ಣುಮಕ್ಕಳು ಬೋಟಿಯನ್ನು ಹತ್ತು ಸಲ ತೊಳೆದು, ಗಂಟೆಗಟ್ಟಲೆ ಬೇಯಿಸಿ ಹಬ್ಬದ ಅಡುಗೆ ಮಾಡಿದರು. ಇವತ್ತಿಗೂ ಎಷ್ಟೋ ಕರಿಯರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಆ ಬೋಟಿ ಬೇಯುತ್ತದೆ. ಈ ಮಾತನ್ನು ಓದುತ್ತಾ ನಮ್ಮ ಅವ್ವಂದಿರು ನಕ್ಕಾರು. ಒಡೆಯ ಬಿಸಾಕಿದ್ದನ್ನು ರುಚಿ ಮಾಡುವ ವಿದ್ಯೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಂತ ಬಿಸಾಕಿದ್ದನ್ನೇ ತಿಂದುಕೊಂಡಿರಿ ಅಂತ ಹೇಳಲು ಯಾರಿಗೂ ಹಕ್ಕಿಲ್ಲ. ರುಚಿ ನಮ್ಮದು, ಬಡತನ ಅವರು ಹೇರಿದ್ದು. ಎರಡನ್ನೂ ಬೇರೆ ಮಾಡಿ ನೋಡಬೇಕು.

ಜಮೈಕಾ ದ್ವೀಪದ ಹಬ್ಬದೂಟ ಇನ್ನೂ ಹತ್ತಿರದ್ದು. ಅಲ್ಲಿ ಕ್ರಿಸ್‌ಮಸ್ಸಿಗೆ ಮೇಕೆ ಬಾಡಿನ ಸಾರು, ತೊಗರಿಕಾಳು ಹಾಕಿದ ಅನ್ನ, ಕೆಂಪು ಹೂವಿನ ಹುಳಿ ಪಾನಕ. ಆ ತೊಗರಿ ನಮ್ಮ ನೆಲದ್ದು, ಆಫ್ರಿಕಕ್ಕೆ ಹೋಗಿ ಅಲ್ಲಿಂದ ಅಟ್ಲಾಂಟಿಕ್ ದಾಟಿತು. ಪಾನಕದ ಗಿಡ ನಮ್ಮ ಉತ್ತರ ಕರ್ನಾಟಕದ ಪುಂಡಿಪಲ್ಯೆಯ ಬಳಗದ್ದು. ಮಸಾಲೆ ಅರೆದ ಮೇಕೆ ಸಾರು ಅಲ್ಲಿಗೆ ಹೋದದ್ದು ಕೂಲಿಗಳ ಕೈಯಲ್ಲಿ. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಗಿ ಬ್ರಿಟಿಷರು 1845ರಿಂದ ಇಂಡಿಯಾದ ಬಡಜನರನ್ನು ಕರಾರಿನ ಮೇಲೆ ಹಡಗಿಗೆ ತುಂಬಿದರು. ಆ ಕೂಲಿಗಳ ಸಾರು, ಗುಲಾಮರ ಮಕ್ಕಳ ಅನ್ನ ಎರಡೂ ಒಂದೇ ಮೇಜಿಗೆ ಬಂದವು. ಲಂಡನ್ನಿಗೆ ವಲಸೆ ಹೋದ ಜಮೈಕಾದ ಜನ ಅಲ್ಲೂ ಇದನ್ನೇ ಮಾಡುತ್ತಾರೆ. ಇದನ್ನು ಟರ್ಕಿಗೆ 'ಬದಲಿ' ಅಂತ ಪತ್ರಿಕೆಯ ಪಟ್ಟಿಯಲ್ಲಿ ಹಾಕಿದರೆ ಅದು ಅವಮಾನ.

ಹಾಗಾದರೆ ಟರ್ಕಿ ಎಲ್ಲರ ಹಕ್ಕಿ ಆದದ್ದು ಯಾವಾಗ? ಎರಡನೇ ಮಹಾಯುದ್ಧ ಮುಗಿದು, 1950ರ ನಂತರ ಸಾವಿರಗಟ್ಟಲೆ ಹಕ್ಕಿಗಳನ್ನು ಕೊಟ್ಟಿಗೆಯಲ್ಲಿ ತುಂಬಿ ಸಾಕುವ ಕಾರ್ಖಾನೆಗಳು ಬಂದ ಮೇಲೆ. ಎದೆಬಾಡು ಜಾಸ್ತಿ ಬರಲಿ ಅಂತ ಆ ತಳಿಯನ್ನು ಎಷ್ಟು ಉಬ್ಬಿಸಿದರು ಅಂದರೆ ಅವು ತಾವಾಗಿ ಕೂಡಲೂ ಆಗದು, ಕೃತಕ ಗರ್ಭಧಾರಣೆಯೇ ಆಗಬೇಕು. ಅನಾದಿ ಸಂಪ್ರದಾಯ ಅಂತ ಹೇಳುವುದರ ವಯಸ್ಸು ಎಪ್ಪತ್ತು ಎಂಬತ್ತು ವರ್ಷ. ಸಂಪ್ರದಾಯ ಅನ್ನೋ ಮಾತು ಕೇಳಿದಾಗಲೆಲ್ಲ ವಯಸ್ಸು ಕೇಳೋದು ಒಳ್ಳೇದು.

ಬದಲಿಯ ಹೆಸರಿನಲ್ಲೂ ಮೋಸ ಹೋಗಬಾರದು. ಜಪಾನಿನಲ್ಲಿ ಟರ್ಕಿ ಸಿಗುವುದು ಅಪರೂಪ. ಅಮೆರಿಕದ ಕೆಂಟಕಿ ಕಂಪನಿ 1974ರಲ್ಲಿ ಕ್ರಿಸ್‌ಮಸ್ ಅಂದರೆ ಕೆಂಟಕಿ ಅಂತ ದೇಶವಿಡೀ ಜಾಹೀರಾತು ಮಾಡಿತು. ಇವತ್ತು ಅಲ್ಲಿನ ಜನ ಮುಂಗಡ ಹಣ ಕಟ್ಟಿ, ಸಾಲು ನಿಂತು ಆ ಕರಿದ ಕೋಳಿ ತರುತ್ತಾರೆ. ಒಡೆಯ ಹೋಗಿ ಕಂಪನಿ ಬಂತು, ಅಷ್ಟೇ.

ಒಂದು ಮಾತನ್ನು ಮುಚ್ಚಿಡಬಾರದು. ಉಳ್ಳವರು ತಿನ್ನೋದನ್ನು ನಾವೂ ತಿನ್ನಬೇಕು ಅಂತ ಬಡವನಿಗೆ ಅನ್ನಿಸಿದರೆ ಅದು ತಪ್ಪಾ? ತಪ್ಪಲ್ಲ. ವರ್ಷವಿಡೀ ಗಣಿಯಲ್ಲಿ ದುಡಿದ ಇಂಗ್ಲಿಷ್ ಕೂಲಿಕಾರ ಒಂದು ದಿನ ಮಕ್ಕಳಿಗೆ ಟರ್ಕಿ ಬಡಿಸಿದರೆ ಅವನನ್ನು ಅಣಕಿಸುವ ಹಕ್ಕು ಯಾರಿಗೂ ಇಲ್ಲ. ನಮ್ಮ ಹುಡುಗರು ಬೆಂಗಳೂರಿನ ದೊಡ್ಡ ಹೋಟೆಲಿಗೆ ಹೋಗಿ ಟರ್ಕಿ ತಿಂದು ಬರಲಿ, ಸಂತೋಷ. ಅದಕ್ಕಾಗಿ ಸಾಲ ಮಾಡಬೇಡಿ, ತಿನ್ನಲಿಲ್ಲ ಅಂತ ತಲೆ ತಗ್ಗಿಸಬೇಡಿ ಅನ್ನುವುದಷ್ಟೇ ನಮ್ಮ ಮಾತು. ಮೂರು ಜನರ ಮನೆಗೆ ಒಂದು ಕೋಳಿ ಸಾಕು. ಕೇರಿಗೆಲ್ಲ ಸೇರಿಸಿ ಮಾಡಿದರೆ ಒಂದು ಮೇಕೆ. ಬಾಡು ತಿನ್ನದವರಿಗೆ ಅವರೆಕಾಳಿನ ಕಾಲವೇ ಅದು.

ನಮ್ಮ ನಾಡಿನ ದಲಿತ ಕ್ರೈಸ್ತ ಬಂಧುಗಳಿಗೆ ಮಾತ್ರ ಈ ಬದಲಿಯ ಪ್ರಶ್ನೆ ಬೇರೆ ದಾರಿಯಿಂದ ಬಂದಿದೆ. ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಅಂದರೆ ದನದ ಬಾಡು. ಕೈಗೆಟುಕುವ ಬೆಲೆ, ಮೈಗೆ ಕಸುವು. 1964ರ ಕಾನೂನಿನಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು ಎಮ್ಮೆಗಳಿಗೆ ದಾರಿ ಇತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾನೂನು ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಎಲ್ಲವನ್ನೂ ಮುಚ್ಚಿತು. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು. ಇಂಗ್ಲೆಂಡಿನವನಿಗೆ ಬದಲಿ ಹುಡುಕು ಅಂತ ಹೇಳಿದ್ದು ಬೆಲೆ. ನಮ್ಮವನಿಗೆ ಹೇಳಿದ್ದು ಪೊಲೀಸು. ಬೇಡ ಅಂತ ತಾನೇ ಬಿಟ್ಟರೆ ಅದು ಬದಲಿ. ಕಸಿದುಕೊಂಡ ಮೇಲೆ ಸಿಕ್ಕಿದ್ದು ತಿಂದರೆ ಅದಕ್ಕೆ ಹೆಸರು ಬೇರೆ.

ಪೋಲೆಂಡಿನಲ್ಲಿ ಒಂದು ಪದ್ಧತಿ ಇದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರು ಬಾಡು ಮುಟ್ಟುವುದಿಲ್ಲ, ಗೆಂಡೆಮೀನಿನ ಜಾತಿಯ ಮೀನು ಮಾಡುತ್ತಾರೆ. ಮೇಜಿನ ಮೇಲೆ ಮನೆಮಂದಿಯ ಲೆಕ್ಕಕ್ಕಿಂತ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾರೆ. ಗೊತ್ತಿಲ್ಲದ ಯಾರಾದರೂ ಬಾಗಿಲು ತಟ್ಟಿದರೆ ಅವರಿಗೆ. ಟರ್ಕಿಗಿಂತ, ಹೆಬ್ಬಾತಿಗಿಂತ ನಾವು ಎರವಲು ತರಬೇಕಾದ್ದು ಇದು. ಕ್ರೈಸ್ತರಾದ ಮೇಲೂ ಮದುವೆಗೂ ಊಟಕ್ಕೂ ಜಾತಿ ಹುಡುಕುವ ಮನೆಗಳು ನಮ್ಮಲ್ಲಿ ಇವೆ. ಅಂಥ ಮನೆಗಳಲ್ಲಿ ಏನು ಬೆಂದರೆ ಏನು?

ಈ ಡಿಸೆಂಬರಿನಲ್ಲಿ ಕೇರಿಯ ಕ್ರೈಸ್ತ ಬಂಧುಗಳ ಮನೆಗೆ ಸಂಘದ ಎಲ್ಲರೂ ಹೋಗಿ ಊಟ ಮಾಡೋಣ. ಇದ್ದದ್ದನ್ನು ಬಡಿಸಲಿ. ಹೋಗುವಾಗ ಅಕ್ಕಿ, ಕಾಳು ಕೈಲಾದಷ್ಟು ನಾವೂ ಕೊಂಡೊಯ್ಯೋಣ. ಊರ ಸಾಹುಕಾರರನ್ನೂ ಕರೆಯಿರಿ. ಪಂಕ್ತಿಯಲ್ಲಿ ಒಂದು ಎಲೆ ಅವರಿಗೂ ಹಾಕಿರಿ. ಬಂದು ಕೂರುತ್ತಾರೋ ಇಲ್ಲವೋ ನೋಡೋಣ.