ವ್ಯಾಪಾರದ ಮಾತು: ಮಾರ್ಚಿ 31 ಕಳೆದ ಮೇಲೆ

ಎರ್ನಾಕುಲದಲ್ಲಿ ಉಪ್ಪಿನಕಾಯಿ, ಸಾರಿನ ಪುಡಿಗಳ ಚಿಕ್ಕ ಕಂಪೆನಿ ನಡೆಸುವ ರಾಯರೊಬ್ಬರು ಏಪ್ರಿಲಿನಲ್ಲಿ ಮನೆಗೆ ಬಂದರು. ಮುಖ ಬಾಡಿತ್ತು. "ಜಿಎಸ್‌ಟಿಯ ರಾಜಿ ತೆರಿಗೆಗೆ ಅರ್ಜಿ ಹಾಕಲು ಮರೆತೆ. ದಾರಿಯುಂಟೆ?" ಎಂದರು.

ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ಮೀರದ ತಯಾರಕರೂ ವರ್ತಕರೂ ವಹಿವಾಟಿನ ಮೇಲೆ ನೂರಕ್ಕೆ 1ರಂತೆ, ಹೋಟೆಲಿನವರು 5ರಂತೆ ಕಟ್ಟಿ ಮುಗಿಸುವ ಪದ್ಧತಿ ಇದು. ಗಿರಾಕಿಯಿಂದ ತೆರಿಗೆ ಕೇಳುವಂತಿಲ್ಲ. ಸರಕು ಕೊಂಡಾಗ ತೆತ್ತ ತೆರಿಗೆಯೂ ಮರಳಿ ಸಿಗದು. ಈಗಾಗಲೇ ನೋಂದಣಿಯಾದವರು ಸಿಎಂಪಿ-02 ಫಾರಮನ್ನು ಮಾರ್ಚಿ 31ರೊಳಗೆ ಸಲ್ಲಿಸಬೇಕು. ತಪ್ಪಿದರೆ ಮುಂದಿನ ವರ್ಷವೇ ಗತಿ. 2020ರಲ್ಲಿ ಕೊರೋನಾ ನಿಮಿತ್ತ ಜೂನ್ 30ರ ವರೆಗೆ ಗಡುವು ಬೆಳೆಸಿದ್ದರು; ಅದು ಆ ವರ್ಷದ ಮಾತು.

"ಅಂಗಡಿಗಳು ಎಲ್ಲೆಲ್ಲಿ?" ಎಂದೆ. ಇಲ್ಲೊಂದು, ತಿರುವನಂತಪುರದಲ್ಲೊಂದು, ಮಂಗಳೂರಿನದನ್ನು ತಮ್ಮ ನೋಡಿಕೊಳ್ಳುತ್ತಾನಂತೆ. ಮೂರಕ್ಕೂ ಒಂದೇ ಪ್ಯಾನ್, ಸರಕೆಲ್ಲ ಇಲ್ಲಿಂದಲೇ.

ನನಗೆ ನಗು ಬಂತು. ತಿರುವನಂತಪುರ ಇದೇ ರಾಜ್ಯ, ಒಂದೇ ನೋಂದಣಿ ಸಾಕು. ಮಂಗಳೂರಿಗೆ ಬೇರೆ ನೋಂದಣಿ ಬೇಕು. ಕಾನೂನಿನ ಕಣ್ಣಿಗೆ ತಮ್ಮನ ಅಂಗಡಿ ಬೇರೆ ವ್ಯಕ್ತಿ! ಅಲ್ಲಿಗೆ ಜಾಡಿ ಕಳಿಸಿದರೂ ಅದು ಹೊರರಾಜ್ಯದ ಪೂರೈಕೆ. ಅಂಥವರಿಗೆ ರಾಜಿ ತೆರಿಗೆಯೇ ಇಲ್ಲ. ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಕೊಳ್ಳುವುದು ಬೇರೆ, ಕಳಿಸುವುದು ಬೇರೆ.

"ನೆನಪಿಟ್ಟು ಅರ್ಜಿ ಹಾಕಿದ್ದರೆ ಪೂರ್ತಿ ತೆರಿಗೆಯ ಜತೆಗೆ ದಂಡವನ್ನೂ ತೆರಬೇಕಾಗುತ್ತಿತ್ತು, ರಾಯರೇ" ಎಂದೆ.

ಅವರು ಕಾಫಿ ಅರ್ಧಕ್ಕೇ ಇಟ್ಟು ತಮ್ಮನಿಗೆ ಫೋನು ಹಚ್ಚಿದರು: "ಹೋದ ತಿಂಗಳ ಜಾಡಿಗಳಿಗೆ ತೆರಿಗೆ ಬಿಲ್ಲು ಬಂದಿತ್ತೇನೋ?"