ದಿನಕ್ಕೆ ಹತ್ತು ರೂಪಾಯಿಯ ದುಡಿಮೆ

ಕಳೆದ ಮೇ ತಿಂಗಳಿನಲ್ಲಿ ದೇವದುರ್ಗದ ನನ್ನ ತಂಗಿಯ ಮನೆಯಲ್ಲಿ ಒಂದು ಪರ್ಷಿಯನ್ ಬೆಕ್ಕಿನ ಮರಿ ಸತ್ತುಹೋಯಿತು. ಮನೆಗೆ ತಂದು ಆರು ದಿನವಷ್ಟೇ ಆಗಿತ್ತು. ತಂಗಿಯ ಮೊಮ್ಮಗಳು ಊಟ ಬಿಟ್ಟಿದ್ದಾಳೆಂದು ಕೇಳಿ ರಾಯಚೂರಿನಿಂದ ಹೋದೆ. ಆ ಮಗು ಕೇಳಿದ್ದು ಒಂದೇ ಪ್ರಶ್ನೆ: “ತಾತಾ, ಚಲೋ ಮನಿ ಅಂತ ನೀವೇ ಹೇಳಿದ್ರಲ್ಲಾ?”

ಹೌದು, ನಾನೇ ಹೇಳಿದ್ದೆ. ಮಾನ್ವಿಯಲ್ಲಿ ಮನೆಯಲ್ಲಿಯೇ ತಳಿಬೆಕ್ಕು ಸಾಕಿ ಮರಿ ಮಾರುವ ಕುಟುಂಬವೊಂದನ್ನು ಸ್ವಯಂ ಉದ್ಯೋಗಕ್ಕೆ ಮಾದರಿಯೆಂದು ನಾಲ್ಕು ಜನರ ಮುಂದೆ ಹೊಗಳಿದವನು ನಾನು. ಅವರ ಬೆಕ್ಕುಗಳಿರುವ ಕೋಣೆಯನ್ನು ಕಣ್ಣಾರೆ ಕಂಡಿರಲಿಲ್ಲ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಮೂರು ದಶಕ ಮಕ್ಕಳಿಗೆ “ನೋಡದೆ ಹೇಳಬೇಡಿರಿ” ಎಂದು ಬೋಧಿಸಿದವನ ಗತಿ ಇದು!

ಮರಿ ಸತ್ತ ಮೇಲೆ ಹೋಗಿ ನೋಡಿದೆ. ಮಹಡಿಯ ಮೇಲೆ ತಗಡಿನ ಕೋಣೆ. ಒಳಗೆ ಮೂರು ಹೆಣ್ಣು ಬೆಕ್ಕುಗಳು, ಒಂದು ಗಂಡು. ಕೂದಲು ಜಡೆಗಟ್ಟಿದ ಒಂದು ತಾಯಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮನೆಯವರು ಕ್ರೂರಿಗಳೇನಲ್ಲ, ಆದರದಿಂದ ಚಹಾ ಕೊಟ್ಟರು. “ಏನ್ ಖರ್ಚ್ ಅದರೀ ಸರ್? ಅನ್ನ ಹಾಲು ಹಾಕಿದ್ರ ಸಾಕು. ಮೂವತ್ತೈದು ದಿನಕ್ಕ ಮರಿ ಕೊಟ್ಟುಬಿಡ್ತೀವಿ. ತಾಯಿ ಮತ್ತ ಗಬ್ಬಾಗ್ತದ” ಎಂದರು. ಅವರ ಮಾತಿನಲ್ಲಿ ಅಳುಕಿರಲಿಲ್ಲ. ತಪ್ಪೆಂದು ತಿಳಿದಿದ್ದರೆ ತಾನೆ ಅಳುಕು?

ಇದೇ ಕೆಲಸವನ್ನು ಸರಿಯಾಗಿ ಮಾಡಿದರೆ ಹೇಗಿರುತ್ತದೆಂಬುದನ್ನು ನಾನು ಬಲ್ಲೆ. ರಾಯಚೂರಿನಲ್ಲಿ ನಮ್ಮ ಬೀದಿಯಲ್ಲಿಯೇ ಇರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಪರ್ಷಿಯನ್ ಹೆಣ್ಣು ಬೆಕ್ಕನ್ನು ಸಾಕಿದ್ದಾಳೆ. ಅದು ಮೊದಲ ಸಲ ಈದಾಗ ಲೆಕ್ಕ ಬರೆಯುವ ಕೆಲಸ ನನ್ನದಾಗಿತ್ತು. ಬೆಕ್ಕಿನ ಗರ್ಭಾವಸ್ಥೆ ಸುಮಾರು 65 ದಿನಗಳದ್ದು. ಅಷ್ಟೂ ದಿನ ಆಕೆ ಬೆಳಗ್ಗೆ ಎದ್ದೊಡನೆ ಬೆಕ್ಕಿನ ಕಣ್ಣುಗಳ ಗೀಜನ್ನು ಒದ್ದೆ ಹತ್ತಿಯಿಂದ ಒರೆಸುತ್ತಿದ್ದಳು. ಚಪ್ಪಟೆ ಮುಖದ ಈ ತಳಿಯಲ್ಲಿ ಕಣ್ಣೀರು ಸರಾಗವಾಗಿ ಇಳಿಯದೆ ಕೆನ್ನೆಯ ಮೇಲೆ ಹರಿಯುತ್ತದೆ. ಆಮೇಲೆ ಅರ್ಧ ಗಂಟೆ ಬಾಚಣಿಗೆ, ಬಳಿಕ ಮಲದ ತಟ್ಟೆಯ ಮರಳು ಬದಲಿಸುವುದು, ಕೂಲರಿಗೆ ನೀರು ತುಂಬುವುದು. ಈದ ರಾತ್ರಿ ಎರಡನೆಯ ಮರಿಯ ತಲೆ ಸಿಕ್ಕಿಕೊಂಡಿತು, ವೈದ್ಯರನ್ನು ಕರೆಸಬೇಕಾಯಿತು. ನಾಲ್ಕರಲ್ಲಿ ಒಂದು ಮರಿ ಉಳಿಯಲಿಲ್ಲ.

ಉಳಿದ ಮೂರನ್ನು ಪ್ರತಿದಿನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದೆವು. ಹುಟ್ಟಿದಾಗ ನೂರು ಗ್ರಾಂ ಆಸುಪಾಸಿನ ಜೀವ. ದಿನಕ್ಕೆ ಹತ್ತು ಗ್ರಾಮಿನಷ್ಟಾದರೂ ಏರಬೇಕು. ಏರದಿದ್ದ ಮರಿಗೆ, ರಾತ್ರಿಯೂ ಬಿಡದೆ, ಎರಡು ಮೂರು ಗಂಟೆಗೊಮ್ಮೆ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿಯನ್ನು ಕಲಸಿ ಕುಡಿಸಿದಳು. ಹನ್ನೆರಡು ವಾರ ತುಂಬಿ, ಲಸಿಕೆಗಳಾದ ಮೇಲೆಯೇ ಮರಿಗಳು ಮನೆ ದಾಟಿದವು.

ಈಗ ಲೆಕ್ಕಕ್ಕೆ ಬನ್ನಿ. ಮೂರು ಮರಿಗಳಿಂದ, ತಲಾ 8,000ದಂತೆ, 24,000 ರೂಪಾಯಿ ಬಂತು. ಆಹಾರಕ್ಕೆ 9,000, ಮರಳಿಗೆ 3,500, ಲಸಿಕೆ ಮತ್ತು ಜಂತುನಾಶಕಕ್ಕೆ 4,500, ಈದ ರಾತ್ರಿಯ ವೈದ್ಯರಿಗೂ ಔಷಧಕ್ಕೂ 2,500, ಗಂಡು ಬೆಕ್ಕಿನ ಒಡೆಯರಿಗೆ 3,000, ಒಟ್ಟು 22,500. ಉಳಿದದ್ದು 1,500. ಐದು ತಿಂಗಳ, ಅಂದರೆ 150 ದಿನಗಳ ದುಡಿಮೆಗೆ ದಿನಕ್ಕೆ ಹತ್ತು ರೂಪಾಯಿ! ಕೂಲರಿನ ವಿದ್ಯುತ್ತನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು: ಮನೆಯಲ್ಲಿ ತಳಿಬೆಕ್ಕು ಸಾಕಿ ಕೈತುಂಬ ಲಾಭ ಬರುತ್ತಿದೆಯೆಂದರೆ, ಮೇಲೆ ಹೇಳಿದ ಕೆಲಸಗಳಲ್ಲಿ ಯಾವುದೋ ಒಂದನ್ನು ಕೈಬಿಡಲಾಗಿದೆ ಎಂದೇ ತಿಳಿಯಬೇಕು. ಕೈಬಿಟ್ಟದ್ದರ ಬೆಲೆಯನ್ನು ತಾಯಿ ಬೆಕ್ಕು ತೆರುತ್ತದೆ, ಮರಿ ತೆರುತ್ತದೆ, ಕೊನೆಗೆ ಕೊಂಡವರ ಮನೆಯ ಮಗು ತೆರುತ್ತದೆ.

ಅನ್ನ ಹಾಲಿನ ಮಾತನ್ನೇ ತೆಗೆದುಕೊಳ್ಳಿ. ಬೆಕ್ಕು ಮಾಂಸಾಹಾರವಿಲ್ಲದೆ ಬಾಳಲಾರದ ಪ್ರಾಣಿ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ಪೋಷಕಾಂಶದ ಕೊರತೆಯಾದರೆ ಅದರ ಕಣ್ಣು ಕೆಡುತ್ತದೆ. ಹೃದಯವೂ ಕೆಡುತ್ತದೆಂದು 1987ರಲ್ಲಿ ಸಂಶೋಧಕರು ತೋರಿಸಿದರು. ಇನ್ನು ಪರ್ಷಿಯನ್ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳಾಗುವ ಆನುವಂಶಿಕ ರೋಗವೊಂದಿದೆ. ಅದಕ್ಕೆ ಕಾರಣವಾದ ಜೀನಿನ ದೋಷ 2004ರಲ್ಲಿ ಪತ್ತೆಯಾಗಿದ್ದು, ಪರೀಕ್ಷೆಯೂ ಲಭ್ಯವಿದೆ. ತಂದೆ ತಾಯಿಗಳಲ್ಲಿ ಒಂದಕ್ಕೆ ಈ ದೋಷವಿದ್ದರೂ ಪ್ರತಿ ಮರಿಗೆ ಅದು ಬರುವ ಸಂಭವ ಅರ್ಧಕ್ಕರ್ಧ. ತಳಿಬೆಕ್ಕೆಂದರೆ ಉದ್ದ ಕೂದಲಿನ ಬೆಕ್ಕಲ್ಲ, ವಂಶಾವಳಿ ಬರೆದಿಟ್ಟ ಬೆಕ್ಕು. ಅಜ್ಜ ಅಜ್ಜಿಯರ ಗುರುತಿಲ್ಲದೆ, ಒಡಹುಟ್ಟಿದವುಗಳನ್ನೇ ಕೂಡಿಸಿ, “ಪ್ಯೂರ್ ಪರ್ಷಿಯನ್” ಎಂದು ಮಾರುವುದು ವಂಚನೆಯಲ್ಲದೆ ಮತ್ತೇನು?

ನಮ್ಮ ಸೀಮೆಯ ಬಿಸಿಲನ್ನೂ ನೆನೆಯಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಮನುಷ್ಯರೇ ಮಧ್ಯಾಹ್ನ ಹೊರಬೀಳುವುದಿಲ್ಲ. ಮೂಗು ಒಳಸರಿದು ಉಸಿರಾಟವೇ ಕಷ್ಟವಾಗಿರುವ, ಮೈತುಂಬ ಉಣ್ಣೆ ಹೊತ್ತ ಪ್ರಾಣಿಯನ್ನು ತಗಡಿನಡಿ ಇರಿಸುವುದು ಯಾವ ಧರ್ಮ?

“ಬಡ ಹೆಣ್ಣುಮಕ್ಕಳು ನಾಲ್ಕು ಕಾಸು ಗಳಿಸಿದರೆ ಮಾಸ್ತರರಿಗೇಕೆ ಹೊಟ್ಟೆಯುರಿ?” ಎಂದು ಕೆಲವರು ಕೇಳಬಹುದು. ಗಳಿಸಲಿ, ಸಂತೋಷ. ಆದರೆ ಸರಿಯಾಗಿ ಸಾಕಿ, ಆ ಶ್ರಮಕ್ಕೆ ತಕ್ಕ ಬೆಲೆ ಕೇಳಲಿ. ಅಗ್ಗದ ಮರಿ ಬೇಕೆಂದು ಚೌಕಾಸಿ ಮಾಡುವ ನಾವೇ ಮೂವತ್ತೈದು ದಿನದ ಮರಿಯನ್ನು ಮಾರುಕಟ್ಟೆಗೆ ಎಳೆದು ತಂದವರು.

ಕಾನೂನಿನಲ್ಲಿಯೂ ಕೊರತೆಯಿದೆ. 2017ರ ಕೇಂದ್ರ ನಿಯಮಗಳು ಹೆಣ್ಣು ನಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಪಡೆಯಬಾರದೆನ್ನುತ್ತವೆ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಬೆಕ್ಕಿನ ಹೆಸರು ಇದೆಯಾದರೂ, ನಾಯಿಗಿರುವಂಥ ತಳಿ ನಿಯಮ ಬೆಕ್ಕಿಗಿಲ್ಲ. ತಾಯಿ ಬೆಕ್ಕಿಗೂ ಈ ರಕ್ಷಣೆ ದೊರೆಯಬೇಕು.

ಅಲ್ಲಿಯವರೆಗೆ ಕೊಳ್ಳುವವರೇ ಕಾವಲುಗಾರರು. ತಾಯಿ ಬೆಕ್ಕನ್ನು ತೋರಿಸಿರೆಂದು ಕೇಳಿ. ತೂಕ ಬರೆದ ಪುಸ್ತಕವನ್ನೂ ಲಸಿಕೆಯ ಚೀಟಿಯನ್ನೂ ಕೇಳಿ. ಇದು ತಾಯಿಗೆ ಈ ವರ್ಷದ ಎಷ್ಟನೆಯ ಸೂಲು ಎಂದು ಕೇಳಿ. ಉತ್ತರ ಬಾರದಿದ್ದರೆ ಎದ್ದು ಬನ್ನಿ. ಮಾನ್ವಿಯ ಆ ಮನೆಯವರಿಗೂ ಇದನ್ನೇ ಹೇಳಿದ್ದೇನೆ. ಅವರು ಮೌನವಾಗಿ ಕೇಳಿಸಿಕೊಂಡರು.

ನನ್ನ ವಿದ್ಯಾರ್ಥಿನಿ ಎರಡನೆಯ ಸೂಲಿನ ಬಳಿಕ ತನ್ನ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಳು. “ಸಾಕು ಸರ್, ಇನ್ನ ಅದು ಆರಾಮ ಇರಲಿ” ಎಂದಳು. ದೇವದುರ್ಗದ ಮಗುವಿಗೆ ಮಾತ್ರ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಈ ಬಾರಿ ಹೋದಾಗ, ತಪ್ಪು ನನ್ನದೆಂದು ಹೇಳುವವನಿದ್ದೇನೆ.